ಗೇರಿನ ಕೋಲು ಮತ್ತು ಎಡಗಾಲು

ಹಳೆಯ ಕಾಲದ ಲಾರಿಗಳಲ್ಲಿ ಗೇರು ಬದಲಿಸಲು ಕೈಕಾಲುಗಳಷ್ಟೇ ಕಿವಿಯೂ ಬೇಕಾಗಿತ್ತು. ಚಾಲಕನು ಮೊದಲು ಕ್ಲಚ್ ಒತ್ತಿ ಗೇರಿನ ಕೋಲನ್ನು ನ್ಯೂಟ್ರಲ್ಲಿಗೆ ತರಬೇಕು. ಕ್ಲಚ್ ಬಿಟ್ಟು, ಎಂಜಿನ್ನಿನ ಸದ್ದನ್ನು ಕೇಳಿ ಅದರ ವೇಗವನ್ನು ಹದಕ್ಕೆ ತರಬೇಕು. ಅನಂತರ ಮತ್ತೊಮ್ಮೆ ಕ್ಲಚ್ ಒತ್ತಿ ಬೇಕಾದ ಗೇರಿಗೆ ಹಾಕಬೇಕು. ಅಂದಾಜು ತಪ್ಪಿದರೆ ಗೇರಿನ ಹಲ್ಲುಗಳು ಒಂದಕ್ಕೊಂದು ಉಜ್ಜಿ ಕರಕರನೆ ಅರಚುತ್ತಿದ್ದವು. ಡಬಲ್ ಕ್ಲಚ್ ಎಂಬ ಈ ವಿದ್ಯೆಯನ್ನು ಕಲಿಯದೆ ಯಾರೂ ಲಾರಿ ಚಾಲಕರಾಗುವಂತಿರಲಿಲ್ಲ.

ಅಂಥ ಗೇರುಪೆಟ್ಟಿಗೆಯಿದ್ದ ಪ್ರಸಿದ್ಧ ವಾಹನಗಳಲ್ಲಿ ಅಮೆರಿಕದ ಡಾಜ್ ಪವರ್ ವ್ಯಾಗನ್ ಒಂದು. ಎರಡನೆಯ ಮಹಾಯುದ್ಧದಲ್ಲಿ ಡಾಜ್ ಕಂಪನಿ ಸೈನ್ಯಕ್ಕಾಗಿ ಮುಕ್ಕಾಲು ಟನ್ನಿನ ಫೋರ್ ವೀಲ್ ಡ್ರೈವ್ ಟ್ರಕ್ಕುಗಳನ್ನು ತಯಾರಿಸುತ್ತಿತ್ತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಟ್ರಕ್ಕನ್ನು ರೈತರಿಗೆ ಹಾಗೂ ಗುತ್ತಿಗೆದಾರರಿಗೆ ಒಗ್ಗುವಂತೆ ಮಾರ್ಪಡಿಸಿ ಮಾರಾಟಕ್ಕೆ ಇಟ್ಟಿತು. ಆರು ಸಿಲಿಂಡರಿನ ಎಂಜಿನ್, ನಾಲ್ಕು ಗೇರು; ಆರಂಭದ ಮಾದರಿಗಳಲ್ಲಿ ಗೇರುಗಳನ್ನು ಸಲೀಸಾಗಿ ಕೂಡಿಸುವ ಸಿಂಕ್ರೋಮೆಶ್ ಇರಲಿಲ್ಲ. ಅಮೆರಿಕದಲ್ಲಿ ಈ ಮಾದರಿಯ ಮಾರಾಟ 1968ರವರೆಗೂ ನಡೆಯಿತು. ಇಂದು ಅವು ಸಂಗ್ರಾಹಕರ ಮುದ್ದಿನ ವಸ್ತುಗಳಾಗಿವೆ.

ಆ ದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೆ ಬರೆದು ಕಳುಹಿಸಿದ್ದಾನೆ. ಅವನ ನೆರೆಮನೆಯ ವೃದ್ಧರಲ್ಲಿ ಇಂಥದೊಂದು ಟ್ರಕ್ಕು ಇದೆಯಂತೆ. ಅವರ ಎಡ ಮೊಣಕಾಲು ಸೋತಿದೆ, ಕ್ಲಚ್ ಒತ್ತಲಾಗುವುದಿಲ್ಲ. ಆದ್ದರಿಂದ ಹಳೆಯ ಗೇರುಪೆಟ್ಟಿಗೆಯನ್ನು ತೆಗೆದು ಆಟೋಮ್ಯಾಟಿಕ್ ಪೆಟ್ಟಿಗೆ ಹಾಕಿಸಬೇಕೆಂದು ಅವರ ಆಸೆ. ಮಗನಾದರೋ, ಹಾಗೆ ಮಾಡಿದರೆ ಟ್ರಕ್ಕಿನ ಐತಿಹಾಸಿಕ ಮೌಲ್ಯವೇ ಹಾಳಾಗುತ್ತದೆಂದು ಹಟ ಹಿಡಿದಿದ್ದಾನೆ. "ಮೇಷ್ಟ್ರೇ, ಇದರಿಂದ ಇತಿಹಾಸಕ್ಕೆ ಅಪಚಾರವಾಗುತ್ತದೆಯೇ?" ಎಂಬುದು ಅವನ ಪ್ರಶ್ನೆ. ಉತ್ತರ ಹೇಳುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಾಲಕನ ಕಷ್ಟವನ್ನು ಮೊದಲು ಕಡಿಮೆ ಮಾಡಿದವನು ಅರ್ಲ್ ಥಾಂಪ್ಸನ್ ಎಂಬ ಅಮೆರಿಕದ ಎಂಜಿನಿಯರ್. ಅವನು ರೂಪಿಸಿದ ಸಿಂಕ್ರೋಮೆಶ್ 1928ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದಿತು. ಅದರಿಂದ ಕಿವಿಗೆ ವಿಶ್ರಾಂತಿ ದೊರೆಯಿತು, ಕಾಲಿಗೆ ದೊರೆಯಲಿಲ್ಲ. ಅದೇ ಥಾಂಪ್ಸನ್ನನ ಮುಂದಾಳ್ತನದಲ್ಲಿ ಹೈಡ್ರಾಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಪೆಟ್ಟಿಗೆ ಸಿದ್ಧವಾಗಿ, 1939ರ ಕೊನೆಯಲ್ಲಿ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಕಾಣಿಸಿಕೊಂಡಿತು.

ಅದರ ತತ್ತ್ವ ಸರಳ. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆಯನ್ನು ಬಳಸಿದರೆ ಕ್ಲಚ್ಚಿನ ಕೆಲಸ ತಾನಾಗಿಯೇ ಆಗುತ್ತದೆ. ಇನ್ನು ಗೇರುಗಳು ಸೂರ್ಯನ ಸುತ್ತ ಗ್ರಹಗಳು ತಿರುಗುವಂತೆ ನಡುವಿನ ಗೇರನ್ನು ಸುತ್ತುತ್ತ ಸದಾ ಕೂಡಿಕೊಂಡೇ ಇರುತ್ತವೆ. ಆದಕಾರಣ ಅವು ಅರಚುವ ಪ್ರಶ್ನೆಯೇ ಇಲ್ಲ.

ಈ ಸುಖದ ಸಾಧನ ಬಹುಬೇಗ ರಣರಂಗಕ್ಕೂ ಹೋಯಿತು. ಅಮೆರಿಕದ ಎಂ-5 ಸ್ಟುವರ್ಟ್ ಮತ್ತು ಎಂ-24 ಶಾಫಿ ಟ್ಯಾಂಕುಗಳು ಎರಡೆರಡು ಕ್ಯಾಡಿಲ್ಯಾಕ್ ಎಂಜಿನ್‌ಗಳಿಂದಲೂ ಹೈಡ್ರಾಮ್ಯಾಟಿಕ್ ಪೆಟ್ಟಿಗೆಗಳಿಂದಲೂ ಓಡಿದವು. ಕೊರಿಯಾ ಯುದ್ಧದ ಕಾಲದಲ್ಲಿ ಜಿ.ಎಂ.ಸಿ. ಕಂಪನಿಯು ಎಂ-135 ಮತ್ತು ಎಂ-211 ಎಂಬ ಎರಡೂವರೆ ಟನ್ನಿನ ಸೈನಿಕ ಟ್ರಕ್ಕುಗಳಲ್ಲಿ ಹೈಡ್ರಾಮ್ಯಾಟಿಕ್ ಅಳವಡಿಸಿತು. ಅದೇ ಹೊತ್ತಿನಲ್ಲಿ ರಿಯೋ ಕಂಪನಿ ಕೈಯಿಂದ ಗೇರು ಹಾಕುವ ಎಂ-35 ಟ್ರಕ್ಕನ್ನು ಮುಂದಿಟ್ಟಿತು. ಅಮೆರಿಕದ ಸೈನ್ಯದಲ್ಲಿ ದಶಕಗಟ್ಟಲೆ ಉಳಿದದ್ದು ಈ ಎಂ-35. ಆದರೆ ಕೆನಡಾದ ಸೈನ್ಯವು ಎಂ-135 ಮಾದರಿಯನ್ನು 1980ರ ದಶಕದವರೆಗೂ ದುಡಿಸಿಕೊಂಡಿತು. ಇವನ್ನೆಲ್ಲ ನೋಡಿದರೆ, ಹಳೆಯ ಟ್ರಕ್ಕಿಗೂ ಆಟೋಮ್ಯಾಟಿಕ್ ಪೆಟ್ಟಿಗೆಗೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂಬ ಮಾತು ನಿಲ್ಲುವುದಿಲ್ಲ.

ಪವರ್ ವ್ಯಾಗನ್ನಿನಲ್ಲಿ ಈ ಬದಲಾವಣೆಗೆ ಒಂದು ಅನುಕೂಲವೂ ಇದೆ. ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಅದರಲ್ಲಿ ಗೇರುಪೆಟ್ಟಿಗೆಗೆ ಅಂಟಿಕೊಂಡಿಲ್ಲ. ಅದು ತುಸು ಹಿಂದೆ ಪ್ರತ್ಯೇಕವಾಗಿದ್ದು, ಒಂದು ಗಿಡ್ಡ ಶಾಫ್ಟಿನ ಮೂಲಕ ಸೇರುತ್ತದೆ. ಹೊಸ ಪೆಟ್ಟಿಗೆಯ ಉದ್ದಕ್ಕೆ ತಕ್ಕಂತೆ ಆ ಶಾಫ್ಟನ್ನು ಮಾಡಿಸಿದರೆ ಟ್ರಾನ್ಸ್‌ಫರ್ ಕೇಸನ್ನು ಕದಲಿಸದೆ ಬಿಡಬಹುದು. ಆದರೆ ಎಣ್ಣೆಯನ್ನು ತಣಿಸಲು ಕೊಳವೆಗಳು ಬೇಕು. ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಜೋಡಣೆಯ ತಟ್ಟೆ ಬೇಕು; ಎಷ್ಟೋ ಜನ ಎಂಜಿನ್ನನ್ನೇ ಬದಲಿಸಿಬಿಡುತ್ತಾರೆ.

ಕಳೆದುಕೊಳ್ಳುವುದೂ ಇದೆ. ಟ್ರಕ್ಕಿನ ಮುಂಭಾಗದಲ್ಲಿ ಮರದ ದಿಮ್ಮಿಗಳನ್ನು ಎಳೆಯುವ ವಿಂಚ್‌ಗೆ ಬಲ ಬರುವುದು ಹಳೆಯ ಗೇರುಪೆಟ್ಟಿಗೆಯ ಪಕ್ಕದ ಕಿಂಡಿಯಿಂದ. ಕಾರಿನಿಂದ ತಂದ ಆಟೋಮ್ಯಾಟಿಕ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಅಂಥ ಕಿಂಡಿ ಇರುವುದಿಲ್ಲ. ಹಳೆಯ ಮೊದಲನೆಯ ಗೇರಿನ ಅನುಪಾತ ಆರಕ್ಕೂ ಹೆಚ್ಚು. 1962ರಲ್ಲಿ ಬಂದ, ಇಂಥ ಕೆಲಸಕ್ಕೆ ಬಳಸುವ ಕ್ರೈಸ್ಲರ್ ಟಾರ್ಕ್‌ಫ್ಲೈಟ್ 727 ಪೆಟ್ಟಿಗೆಯಲ್ಲಿ ಅದು 2.45 ಮಾತ್ರ. ಏರು ಹತ್ತುವಾಗ ಟಾರ್ಕ್ ಕನ್ವರ್ಟರು ಬಲವನ್ನು ಸುಮಾರು ಎರಡು ಪಟ್ಟು ಮಾಡಿ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಇಳಿಜಾರಿನಲ್ಲಿ ಆ ನೆರವಿಲ್ಲ. ಎಂಜಿನ್ ವಾಹನವನ್ನು ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಬೆಟ್ಟದ ದಾರಿಯಲ್ಲಿ ಬ್ರೇಕುಗಳ ಮೇಲೆ ಹೆಚ್ಚಿನ ಹೊರೆ ಬೀಳುತ್ತದೆ.

ನಾನು ಕೊಟ್ಟ ಉತ್ತರ ಇಷ್ಟು. ಪವರ್ ವ್ಯಾಗನ್ ಹುಟ್ಟಿದ್ದೇ ಮಾರ್ಪಾಡಿನಿಂದ. ಸೈನ್ಯದ ಟ್ರಕ್ಕು ರೈತನ ಟ್ರಕ್ಕಾಯಿತು. ಅದು ವೃದ್ಧರ ಕಾಲಿಗೆ ಒಗ್ಗುವಂತಾದರೆ ಅಪಚಾರವೇನೂ ಇಲ್ಲ. ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುವುದಕ್ಕಿಂತ ಓಡುವುದು ಮೇಲು. ಆದರೆ ಚಾಸಿಯನ್ನು ಕತ್ತರಿಸಬಾರದು. ಇರುವ ರಂಧ್ರಗಳನ್ನೇ ಬಳಸಿ ಬೋಲ್ಟು ಹಾಕಬೇಕು. ಹಳೆಯ ಪೆಟ್ಟಿಗೆಗೆ ಎಣ್ಣೆ ತುಂಬಿ, ಹೆಸರಿನ ಚೀಟಿ ಕಟ್ಟಿ ಜೋಪಾನವಾಗಿಡಬೇಕು. ಏನನ್ನು ತೆಗೆದೆವು, ಏನನ್ನು ಹಾಕಿದೆವು ಎಂಬುದನ್ನು ದಿನಾಂಕಸಹಿತ ಬರೆದಿಡಬೇಕು. ಮೊಮ್ಮಗನಿಗೆ ಬೇಕೆನಿಸಿದರೆ ಅವನು ಮರಳಿ ಜೋಡಿಸಲಿ. ತಾಳೆಗರಿಯ ಪ್ರತಿ ಮಾಡಿಕೊಂಡವರು ಮೂಲವನ್ನು ಒಲೆಗೆ ಹಾಕುವುದಿಲ್ಲವಷ್ಟೆ.

ಇಷ್ಟಾದರೂ ಒಂದು ಸಂಗತಿ ಉಳಿಯುತ್ತದೆ. ಪೆಟ್ಟಿಗೆಯನ್ನು ಕಪಾಟಿನಲ್ಲಿಡಬಹುದು, ಅದನ್ನು ನುಡಿಸುತ್ತಿದ್ದ ಕಾಲಿನ ವಿದ್ಯೆಯನ್ನು ಇಡುವಂತಿಲ್ಲ. ಆದ್ದರಿಂದ, ಪೆಟ್ಟಿಗೆ ಬಿಚ್ಚುವ ಮೊದಲು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಬಲ್ ಕ್ಲಚ್ ಕಲಿಸಬೇಕೆಂದು ಆ ಹಿರಿಯರಿಗೆ ತಿಳಿಸುವಂತೆ ನನ್ನ ವಿದ್ಯಾರ್ಥಿಗೆ ಬರೆದಿದ್ದೇನೆ. ನಮ್ಮಲ್ಲಿಯೂ 1940ರ ದಶಕದ ಕೊನೆಯಿಂದ ಮುಂಬಯಿಯ ಪ್ರೀಮಿಯರ್ ಕಂಪನಿಯು ಕ್ರೈಸ್ಲರ್ ಸಹಯೋಗದಲ್ಲಿ ಡಾಜ್, ಫಾರ್ಗೊ ಲಾರಿಗಳನ್ನು ಜೋಡಿಸುತ್ತಿತ್ತು. ಅಂಥ ಲಾರಿಗಳನ್ನು ಘಾಟಿ ಇಳಿಸಿದ ಹಿರಿಯರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದರೆ, ಗೇರು ಹಾಕುತ್ತಿದ್ದ ಬಗೆಯನ್ನು ಅವರ ಬಾಯಿಂದಲೇ ಕೇಳಿ ಬರೆದಿಡಿ.