ಯೂರಿಕ್ ಆಮ್ಲ ಬರೀ ಉಳ್ಳವರ ಕಾಯಿಲೆಯೇ?

‘ಗೌಟ್ ಅಂದ್ರೆ ರಾಜರ ಕಾಯಿಲೆ, ಮಾಂಸ-ಮದ್ಯ ಜಾಸ್ತಿಯಾದವರಿಗೆ ಬರೋದು’ ಅನ್ನೋ ಮಾತನ್ನು ನೀವೂ ಕೇಳಿರ್ತೀರಿ. ಇದು ಅರ್ಧ ಸತ್ಯ ಅನ್ನೋದು ನನ್ನ ತಕರಾರು. ಎಲ್ಲವನ್ನೂ ತಟ್ಟೆಗೆ ಗಂಟು ಹಾಕಿದರೆ, ದುಡಿಯುವ ಜಾಗದಲ್ಲಿ ಏನಾಗ್ತಿದೆ ಅನ್ನೋದು ಕಣ್ಣಿಗೆ ಬೀಳಲ್ಲ.

ಮೊದಲು ವಿಷಯ ನೋಡೋಣ. ಜೀವಕೋಶಗಳ ಡಿಎನ್‌ಎಯಲ್ಲಿರುವ ಪ್ಯೂರಿನ್ ಒಡೆದಾಗ ಕೊನೆಗೆ ಉಳಿಯೋದು ಯೂರಿಕ್ ಆಮ್ಲ. ಇದರಲ್ಲಿ ಸುಮಾರು ಮೂರನೇ ಎರಡು ಭಾಗ ದೇಹದೊಳಗೇ ತಯಾರಾಗುತ್ತೆ, ಊಟದಿಂದ ಬರೋದು ಉಳಿದ ಪಾಲು. ರಕ್ತದಲ್ಲಿ ಇದು ಬಹುತೇಕ ಸೋಡಿಯಂ ಯುರೇಟ್ ಎಂಬ ಲವಣವಾಗಿರುತ್ತದೆ.

ಹೆಚ್ಚಿನ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವ ಇದನ್ನು ಮತ್ತಷ್ಟು ಒಡೆಯುತ್ತದೆ. ನಮ್ಮ ಪೂರ್ವಜರು ಆ ಕಿಣ್ವವನ್ನು ಕೋಟಿ ವರ್ಷಗಳಿಗೂ ಹಿಂದೆ ಕಳೆದುಕೊಂಡರು. ಜೊತೆಗೆ, ಕಿಡ್ನಿ ಸೋಸಿದ ಯುರೇಟ್‌ನಲ್ಲಿ ಸುಮಾರು 90% ವಾಪಸ್ ರಕ್ತಕ್ಕೇ ಹೋಗುತ್ತೆ. ಹಾಗಾಗಿ ಇದನ್ನು ಬರೀ ಕಸ ಅನ್ನೋಕಾಗಲ್ಲ. ರಕ್ತದಲ್ಲಿರುವ ಮುಖ್ಯ ಆಂಟಿ ಆಕ್ಸಿಡೆಂಟ್‌ಗಳಲ್ಲಿ ಇದೂ ಒಂದು.

ತೊಂದರೆ ಇರೋದು ಮಿತಿ ಮೀರಿದಾಗ. 100 ಮಿ.ಲೀ.ಗೆ ಸುಮಾರು 6.8 ಮಿ.ಗ್ರಾಂ. ದಾಟಿದರೆ ಯುರೇಟ್ ಸೂಜಿಯಂಥ ಹರಳಾಗಬಹುದು. ಅದು ಹೆಚ್ಚಾಗಿ ಕಾಲಿನ ಹೆಬ್ಬೆರಳ ಕೀಲಲ್ಲಿ ಕೂರುತ್ತೆ. ರೋಗನಿರೋಧಕ ಕಣಗಳು ಅದರ ಮೇಲೆ ಬಿದ್ದಾಗ ಆಗೋ ಊತ, ನೋವೇ ಗೌಟ್. ಮಟ್ಟ ಜಾಸ್ತಿ ಇದ್ದವರಿಗೆಲ್ಲ ಇದು ಬರಲ್ಲ.

ಆದರೂ ರಿಪೋರ್ಟ್ ನೋಡಿದ ಕೂಡಲೇ ‘ಬೇಳೆ ಬಿಡಿ’ ಅಂತಾರೆ. ಬೇಳೆಕಾಳಿನಿಂದ ಗೌಟ್ ಹೆಚ್ಚೋದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಬಿಯರ್ ಮತ್ತು ಸಿಹಿ ತಂಪು ಪಾನೀಯಗಳಿಂದ ಹೆಚ್ಚೋದು ಕಂಡಿದೆ. ಬಡವರ ಮನೆಯ ಅಗ್ಗದ ಪ್ರೋಟೀನ್ ಕಿತ್ತುಕೊಂಡು, ಕೋಲಾ ಬಗ್ಗೆ ಸುಮ್ಮನಿರೋದು ಯಾವ ನ್ಯಾಯ?

ಇನ್ನು ಬೆವರಿನ ಲೆಕ್ಕ. ಬಿಸಿಲಲ್ಲಿ ನೀರಿಲ್ಲದೆ ದುಡಿದರೆ ಮೂತ್ರ ಗಟ್ಟಿಯಾಗಿ, ಆಮ್ಲೀಯವಾಗುತ್ತೆ. ಅಂಥ ಮೂತ್ರದಲ್ಲಿ ಯೂರಿಕ್ ಆಮ್ಲ ಕರಗಿ ಉಳಿಯಲ್ಲ, ಹರಳುಗಟ್ಟುತ್ತೆ. ಎಲ್ ಸಾಲ್ವಡಾರ್‌ನಲ್ಲಿ ಕಬ್ಬಿನ ಗದ್ದೆಯ ಕೂಲಿಗಳ ಮೂತ್ರದಲ್ಲಿ ಸಂಶೋಧಕರು ಇಂಥ ಹರಳು ಕಂಡಿದ್ದಾರೆ. ಅಲ್ಲಿನ ಕಬ್ಬು ಕೂಲಿಗಳನ್ನು ಬಲಿ ತೆಗೆದುಕೊಳ್ಳುತ್ತಿರುವ ಕಿಡ್ನಿ ಕಾಯಿಲೆಗೆ ಇದೂ ಒಂದು ಕಾರಣ ಇರಬಹುದು ಅನ್ನೋದು ಅವರ ವಾದ. ಅದಿನ್ನೂ ಸಾಬೀತಾಗಿಲ್ಲ. ಆದರೆ ನೀರು, ನೆರಳು, ಬಿಡುವು ಕೊಡೋಕೆ ಅಂತಿಮ ಪುರಾವೆಗಾಗಿ ಕಾಯಬೇಕಿಲ್ಲ.

ಕಬ್ಬು ಕಡಿಯೋರು ನಮ್ಮ ಮಂಡ್ಯ, ಬೆಳಗಾವಿಯಲ್ಲೂ ಇದ್ದಾರೆ. ‘ನೀರು ಜಾಸ್ತಿ ಕುಡೀರಿ’ ಅಂತ ಡಾಕ್ಟರ್ ಹೇಳೋದು ಸರಿಯೇ. ಕುಡಿಯೋ ನೀರು, ಶೌಚಾಲಯ, ಅಲ್ಲಿಗೆ ಹೋಗೋ ಬಿಡುವು ಮೂರೂ ಇಲ್ಲದವರು ಅದನ್ನು ಪಾಲಿಸೋದು ಹೇಗೆ? ಇದು ಸಲಹೆಯಾಗಿ ಉಳಿದರೆ ಸಾಲದು, ಕೆಲಸದ ನಿಯಮವಾಗಬೇಕು ಅಂತ ನಾನು ಕೇಳ್ತೀನಿ.