ನಾಯಿಯ ಗಡ್ಡೆಗೆ ನಿತ್ಯಪುಷ್ಪದ ಮದ್ದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ತೋಟಕ್ಕೂ ಕೊಬ್ಬರಿಯ ಅಟ್ಟಕ್ಕೂ ನಾಯಿಯೇ ಕಾವಲು. ಆ ನಾಯಿಯ ಜನನಾಂಗದಲ್ಲೋ, ಮೂಗಿನಲ್ಲೋ, ಚರ್ಮದ ಮೇಲೋ ಹೂಕೋಸಿನಂಥ ಗಡ್ಡೆ ಎದ್ದು ರಕ್ತ ಒಸರತೊಡಗಿದರೆ ಸಾಕಿದವರೂ ಹತ್ತಿರ ಸೇರಿಸಲು ಹಿಂಜರಿಯುತ್ತಾರೆ. ಈ ಗಡ್ಡೆಗೆ ವಿಜ್ಞಾನದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ.

ಕ್ಯಾನ್ಸರ್ ಸಾಮಾನ್ಯವಾಗಿ ಅಂಟುರೋಗವಲ್ಲ. ಇದು ಅದಕ್ಕೆ ಅಪವಾದ. ನಾಯಿಗಳು ಕೂಡುವಾಗ ಕ್ಯಾನ್ಸರ್ ಕೋಶಗಳೇ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಮನುಷ್ಯರಿಗೆ ಇದು ಅಂಟುವುದಿಲ್ಲ. ರಷ್ಯದ ಪಶುವೈದ್ಯ ನೊವಿನ್ಸ್ಕಿ 1876ರಲ್ಲಿ ಒಂದು ನಾಯಿಯ ಗಡ್ಡೆಯ ತುಣುಕನ್ನು ಮರಿಗಳಿಗೆ ಕಸಿಮಾಡಿ ಬೆಳೆಸಿ ತೋರಿಸಿದ. ವಿಜ್ಞಾನಿಗಳು 43 ದೇಶಗಳ 546 ಗಡ್ಡೆಗಳನ್ನು ಪರೀಕ್ಷಿಸಿ, ಅವೆಲ್ಲ ಒಂದೇ ಪ್ರಾಚೀನ ನಾಯಿಯ ಕೋಶಗಳ ಸಂತತಿಯೆಂದು 2019ರಲ್ಲಿ ಪ್ರಕಟಿಸಿದರು. ಆ ನಾಯಿ ಬದುಕಿದ್ದುದು 4000ದಿಂದ 8500 ವರ್ಷಗಳ ಹಿಂದೆ, ಏಷ್ಯಾದಲ್ಲಿ.

ಇದರ ಮದ್ದು ಸಿಕ್ಕಿದ್ದು ನಮ್ಮ ಹಿತ್ತಿಲುಗಳಲ್ಲೂ ಅರಳುವ ನಿತ್ಯಪುಷ್ಪದಲ್ಲಿ. ಮಡಗಾಸ್ಕರ್ ಮೂಲದ ಈ ಗಿಡದ ಎಲೆ ಸಕ್ಕರೆ ಕಾಯಿಲೆಗೆ ಮದ್ದೆಂಬ ನಂಬಿಕೆಯಿತ್ತು. ಕೆನಡಾದ ನೋಬಲ್ ಮತ್ತು ಬೀರ್ 1950ರ ದಶಕದಲ್ಲಿ ಅದನ್ನು ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ. ಇಲಿಗಳ ಬಿಳಿ ರಕ್ತಕಣಗಳು ಇಳಿದವು. ಆ ದಾರಿಯಲ್ಲೇ ವಿನ್‌ಕ್ರಿಸ್ಟೀನ್ ದೊರೆಯಿತು. 1963ರಲ್ಲಿ ಅಮೆರಿಕದಲ್ಲಿ ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಪಡೆದ ಈ ಔಷಧ ಮುಂದೆ ಪಶುವೈದ್ಯರ ಕೈಗೂ ಬಂತು. ವಾರಕ್ಕೊಮ್ಮೆ ರಕ್ತನಾಳಕ್ಕೆ ಚುಚ್ಚಿದರೆ ಕೆಲವೇ ವಾರಗಳಲ್ಲಿ ಹೆಚ್ಚಿನ ನಾಯಿಗಳ ಗಡ್ಡೆ ಕರಗುತ್ತದೆ.

ಮದ್ದು ನಿಜಕ್ಕೂ ನಾಟಿತೇ, ಗಡ್ಡೆ ತಾನಾಗಿ ಇಳಿಯಿತೇ ಎಂದು ತಿಳಿಯಲು ಹೋಲಿಕೆ ಬೇಕು. ಚರ್ಮದ ಇನ್ನೊಂದು ಕ್ಯಾನ್ಸರಾದ ಮಾಸ್ಟ್ ಕೋಶದ ಗಡ್ಡೆಗೆ, ಆಸ್ಟ್ರೇಲಿಯದ ಕಾಡುಮರವೊಂದರ ಬೀಜದಿಂದ ತೆಗೆದ ಟಿಗಿಲನಾಲ್ ಟಿಗ್ಲೇಟ್ ಔಷಧವನ್ನು ಪರೀಕ್ಷಿಸಿದ್ದು ಹೀಗೆಯೇ. ಕೆಲವು ನಾಯಿಗಳ ಗಡ್ಡೆಗೆ ಔಷಧ ಚುಚ್ಚಿದರು, ಉಳಿದವಕ್ಕೆ ಚುಚ್ಚಿದಂತೆ ನಟಿಸಿದರು. ಯಾವ ನಾಯಿಗೆ ಯಾವುದೆಂದು ಒಡೆಯರಿಗೆ ತಿಳಿಸಲಿಲ್ಲ. ಔಷಧ ಪಡೆದವುಗಳಲ್ಲಿ ಶೇಕಡಾ 75ರಷ್ಟರ ಗಡ್ಡೆ ಪೂರ್ತಿ ಮಾಯವಾಯಿತು; ಉಳಿದವುಗಳಲ್ಲಿ ಶೇಕಡಾ 5 ಮಾತ್ರ. 2020ರಲ್ಲಿ ಯೂರೋಪು, ಅಮೆರಿಕಗಳು ಅದಕ್ಕೆ ಒಪ್ಪಿಗೆ ಕೊಟ್ಟವು.

ಇಂಥ ಪ್ರಯೋಗಕ್ಕೆ ಸೇರುವುದು ಒಡೆಯರಿರುವ ನಾಯಿ. ಅಂಟುಗಡ್ಡೆ ಹರಡುವುದೋ ಹೆಚ್ಚಾಗಿ ಒಡೆಯರಿಲ್ಲದ ನಾಯಿಗಳಲ್ಲಿ. ಮದ್ದು ಹೊಸದೇನಲ್ಲ, ಆದರೆ ಅದೇ ನಾಯಿಯನ್ನು ವಾರವಾರವೂ ಹಿಡಿದು ತರುವವರು ಬೇಕು. ಹೀಗಾಗಿ 2001ರ, ಮತ್ತೆ 2023ರ ನಿಯಮಗಳು ಹೇಳುವ ಸಂತಾನಹರಣ ಶಸ್ತ್ರಚಿಕಿತ್ಸೆ ಬೀದಿನಾಯಿಗಳ ಎಣಿಕೆಯನ್ನಷ್ಟೇ ಇಳಿಸುವುದಿಲ್ಲ. ಸಾವಿರಾರು ವರ್ಷಗಳಿಂದ ನಾಯಿಯಿಂದ ನಾಯಿಗೆ ದಾಟಿಬಂದ ಈ ಗಡ್ಡೆಯ ದಾರಿಯನ್ನೂ ಕಟ್ಟುತ್ತದೆ.