ಹಳೆಯ ಸ್ಟೀರಿಯೊ ರಿಸೀವರ್‌ಗಳ ಸಂಗ್ರಹ ಮತ್ತು ದುರಸ್ತಿ

ಸ್ಟೀರಿಯೊ ರಿಸೀವರ್ ಎಂಬುದು ರೇಡಿಯೊ ಟ್ಯೂನರ್ ಮತ್ತು ಆಂಪ್ಲಿಫೈಯರ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹೊಂದಿರುವ ಉಪಕರಣ. 1970ರ ದಶಕದ ಜಪಾನೀ ರಿಸೀವರ್‌ಗಳು ಸಂಗ್ರಾಹಕರಿಗೆ ವಿಶೇಷವಾಗಿ ಪ್ರಿಯವಾಗಿವೆ. 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರ್‌ಗಳ ಶಕ್ತಿಯನ್ನು ಏಕರೂಪದ ಕ್ರಮದಲ್ಲಿ ಘೋಷಿಸಬೇಕೆಂಬ ನಿಯಮವನ್ನು ರೂಪಿಸಿತು. ಅನಂತರ ತಯಾರಕರ ಪೈಪೋಟಿ ತೀವ್ರಗೊಂಡಿತು. 1978ರ ಪಯೋನಿಯರ್ ಎಸ್‌ಎಕ್ಸ್-1980 ಮಾದರಿಯ ಶಕ್ತಿ ಪ್ರತಿ ಚಾನೆಲ್‌ಗೆ 270 ವ್ಯಾಟ್.

ದುರಸ್ತಿ

ಬಹುಕಾಲ ಬಳಸದ ರಿಸೀವರನ್ನು ನೇರವಾಗಿ ಚಾಲೂ ಮಾಡುವುದು ಅಪಾಯಕರ. ಒಳಗಿನ ದ್ರವ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಕೆಟ್ಟು, ಈಗ ತಯಾರಾಗದ ಟ್ರಾನ್ಸಿಸ್ಟರ್‌ಗಳೂ ಸುಟ್ಟುಹೋಗಬಹುದು. ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ಸರಣಿಯಾಗಿ ಜೋಡಿಸಿದ ತಂತುದೀಪದ ಮೂಲಕ ವಿದ್ಯುತ್ ಹರಿಸುತ್ತಾರೆ. ದೀಪವು ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆ ದೋಷವಿರುವ ಸಂಭವವುಂಟು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುದಾವೇಶ ಉಳಿದಿರುತ್ತದೆ. 120 ವೋಲ್ಟ್‌ಗೆ ಮಾತ್ರ ರೂಪಿಸಿದ ಅಮೆರಿಕದ ಮಾದರಿಗಳಿಗೆ ಭಾರತದಲ್ಲಿ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಅಗತ್ಯ.